ಬಿಚ್ಚಿದ ತೋಟಾಕ್ಕೆ ಸಾಕ್ಷಿಯಿಲ್ಲ

ಆ ಭಾನುವಾರ ಬೆಳಿಗ್ಗೆ ಪಿಸ್ತೂಲು ಸಿಡಿಯುವ ಬದಲು 'ಫುಸ್' ಎಂದಿತು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ, ಅಷ್ಟೇ. ಮುಂಬಯಿಯ ಲೋಕಲ್ ಹಾದಿಯಲ್ಲಿ ಟಿಟ್ವಾಳಾ ದಾಟಿದ ಮೇಲೆ ಸಿಗುವ ನಮ್ಮ ಶೂಟಿಂಗ್ ಕ್ಲಬ್ಬಿನ ರೇಂಜಿನಲ್ಲಿ ಆಗ ನಾವು ಮೂವರೇ ಇದ್ದೆವು. ಗುರಿಯ ಸಾಲಿನಲ್ಲಿ ನಿಂತವನು ನಮ್ಮ ಶಿಷ್ಯ, ರಾಯಚೂರು ಕಡೆಯವನು, ಮುಂಬ್ರಾ ಸೆಕ್ಷನ್ನಿನಲ್ಲಿ ರೈಲ್ವೆ ಗ್ಯಾಂಗ್‌ಮನ್. ಅವನ ಹಿಂದೆ ನಾನು. ಇನ್ನೂ ಹಿಂದೆ, ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದವರು ಮಾಸ್ಟ್ರು. ಸೈನ್ಯದಿಂದ ನಿವೃತ್ತರಾಗಿ ಬಂದು ಈ ಕ್ಲಬ್ಬನ್ನು ಕಟ್ಟಿದವರು, ನನಗೂ ಅವನಿಗೂ ಪಿಸ್ತೂಲು ಹಿಡಿಯಲು ಕಲಿಸಿದವರು.

ಶಿಷ್ಯ ಪಿಸ್ತೂಲಿನ ಸ್ಲೈಡನ್ನು ಕೈಯಿಂದ ಎಳೆದು ಮುಂದಿನ ತೋಟಾವನ್ನು ಒಳಗೆ ತಂದ. ಮತ್ತೆ ಕೈ ಚಾಚಿದ. ನಾನು ಓಡಿಹೋಗಿ ಅವನ ಮುಂಗೈ ಹಿಡಿದೆ.

"ಬೆರಳು ತೆಗಿ. ಪಿಸ್ತೂಲು ಟೇಬಲ್ ಮೇಲಿಡು."

"ಏನಾತ್ರಿ ಸರ? ಒಂದು ಮಿಸ್ ಆಗ್ಯದ. ಇನ್ನೊಂದು ಹೊಡಿತೀನಿ ತಗೋರಿ."

"ಇಡು ಅಂದೆ."

ಮ್ಯಾಗಜೀನು ತೆಗೆದು, ಒಳಗಿದ್ದ ತೋಟಾ ತೆಗೆದು, ನಳಿಗೆಗೆ ಹಿತ್ತಾಳೆಯ ಕಡ್ಡಿ ಇಳಿಬಿಟ್ಟೆ. ಅರ್ಧಕ್ಕೆ ಹೋಗಿ ನಿಂತಿತು. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ತೋಟಾದಲ್ಲಿ ಮದ್ದೇ ಇರಲಿಲ್ಲ. ತಳದ ಕ್ಯಾಪ್ ಒಂದೇ ಸಿಡಿದು ಗುಂಡನ್ನು ಅಷ್ಟು ದೂರ ತಳ್ಳಿತ್ತು. ಅವನು ಮುಂದಿನದನ್ನು ಹೊಡೆದಿದ್ದರೆ ಒಂದು ಗುಂಡು ಇನ್ನೊಂದಕ್ಕೆ ಬಡಿದು ನಳಿಗೆ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಶಿಷ್ಯ ಕಡ್ಡಿಯನ್ನು ನೋಡಿದ, ತನ್ನ ಬಲಗೈಯನ್ನು ನೋಡಿಕೊಂಡ.

ಎಣ್ಣೆ ಬಿಟ್ಟು, ಮರದ ಕೊಡತಿಯಿಂದ ಕಡ್ಡಿಯನ್ನು ಮೆಲ್ಲಗೆ ತಟ್ಟುತ್ತ ಆ ಗುಂಡನ್ನು ಹೊರಗೆ ತೆಗೆದೆವು. ಮಾಸ್ಟ್ರು ಲೋಟ ಕೆಳಗಿಟ್ಟು ಎದ್ದು ಬಂದರು.

"ಒಂದು ಖಾಲಿ ಹೋಯ್ತು. ಹೋಗ್ತದೆ ಮಾರಾಯ. ಅದಕ್ಕೆ ಇಷ್ಟು ಮಂಡೆಬಿಸಿ ಎಂತಕ್ಕೆ? ನಳಿಗೆ ಸರಿ ಉಂಟಲ್ಲ, ಹೊಡೆಯಲಿ ಅವನು."

ನಾನು ತೋಟಾಗಳ ಡಬ್ಬಿಯ ಮುಚ್ಚಳ ಹಾಕಿದೆ.

ನಮ್ಮ ತೋಟಾಗಳು ಅಂಗಡಿಯಿಂದ ಬಂದವಲ್ಲ. ಹೊರದೇಶದ ತೋಟಾ ಸಿಗುವುದು ಕಷ್ಟ, ಸಿಕ್ಕರೂ ಅಭ್ಯಾಸಕ್ಕೆ ಸಾಲುವುದಿಲ್ಲ. ಆದ್ದರಿಂದ ಹೊಡೆದ ತೋಟಾಗಳ ಖಾಲಿ ಹಿತ್ತಾಳೆ ಕೇಸುಗಳಿಗೆ ಮತ್ತೆ ಕ್ಯಾಪ್ ಒತ್ತಿ, ಮದ್ದು ಹಾಕಿ, ಸೀಸದ ಗುಂಡು ಕೂರಿಸುವ ಕೆಲಸವನ್ನು ಡೊಂಬಿವ್ಲಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಾಡುತ್ತಿದ್ದೆವು. ಪರವಾನಗಿ ನನ್ನ ಹೆಸರಿನಲ್ಲಿತ್ತು. ಪೊಲೀಸರು ಬಂದು ಕೋಣೆ, ಬೀಗ, ಕಪಾಟು ಎಲ್ಲ ನೋಡಿ ಹೋಗಿದ್ದರು. ನಾನು ವಾಗ್ಳೆ ಎಸ್ಟೇಟಿನಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ. ವಾರದ ದಿನಗಳಲ್ಲಿ ನನಗೆ ಬಿಡುವಿಲ್ಲ. ಆ ಪರವಾನಗಿಯಲ್ಲಿ ಸಹಾಯಕರಾಗಿ ಮಾಸ್ಟ್ರ ಹೆಸರೂ ಇತ್ತು. ಅವರು ಹಗಲಿನಲ್ಲಿ ಬಂದು ಕೂತು ತುಂಬಿಸುತ್ತಿದ್ದರು. ನನ್ನ ಹೆಂಡತಿ ಅವರಿಗೆ ನೀರು, ಬೆಲ್ಲ ಕೊಟ್ಟು ಬಾಗಿಲು ಓರೆ ಮಾಡಿ ಹೋಗುತ್ತಿದ್ದಳು. ಹೀಗೆ ವರ್ಷಗಳು ನಡೆದಿದ್ದವು, ಒಂದು ತೋಟಾ ಕೂಡ ಕೈಕೊಟ್ಟಿರಲಿಲ್ಲ.

ತುಂಬುವಾಗ ಕೇಸುಗಳನ್ನು ತೂತುಗಳಿರುವ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸುತ್ತೇವೆ. ಒಂದೊಂದನ್ನೇ ತೆಗೆದು ಮದ್ದು ಅಳೆಯುವ ಯಂತ್ರದ ಕೆಳಗೆ ಹಿಡಿದು, ಹಿಡಿಕೆ ತಿರುಗಿಸಿ, ಮತ್ತೆ ತೂತಿನಲ್ಲಿಡಬೇಕು. ಇಲ್ಲಿ ಮನಸ್ಸು ಒಂದು ಕ್ಷಣ ಎಲ್ಲೋ ಹೋದರೆ ಒಂದು ಕೇಸು ಖಾಲಿ ಉಳಿಯುತ್ತದೆ, ಅದರ ಪಕ್ಕದ್ದಕ್ಕೆ ಎರಡು ಸಲ ಮದ್ದು ಬೀಳುತ್ತದೆ. ಖಾಲಿ ಮತ್ತು ಎರಡರಷ್ಟು, ಇವು ಹೆಚ್ಚಾಗಿ ಜೋಡಿಯಲ್ಲೇ ಹುಟ್ಟುತ್ತವೆ. ನಮ್ಮ ತೋಟಾ ಸಣ್ಣ ಅಳತೆಯ ಮದ್ದಿನದು, ಕೇಸಿನಲ್ಲಿ ಬೇಕಾದಷ್ಟು ಜಾಗ ಉಳಿಯುತ್ತದೆ. ಎರಡು ಸಲ ಬಿದ್ದರೂ ಮದ್ದು ಹೊರಚೆಲ್ಲಿ ತನ್ನ ಗುಟ್ಟು ಹೇಳುವುದಿಲ್ಲ. ಆದ್ದರಿಂದಲೇ ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದು ಕೇಸಿನೊಳಗೂ ಇಣುಕಿ ನೋಡಬೇಕೆಂಬ ನಿಯಮ. ಆ ನಿಯಮ ಕಲಿಸಿದವರೇ ಮಾಸ್ಟ್ರು.

ಖಾಲಿ ತೋಟಾ ಸಿಕ್ಕಿತ್ತು. ಅದರ ಜೋಡಿ ಆ ಡಬ್ಬಿಗಳಲ್ಲಿ ಎಲ್ಲೋ ಇತ್ತು. ಸಿಡಿದರೆ ಪಿಸ್ತೂಲನ್ನೇ ಒಡೆಯಬಲ್ಲ ಅದು ಯಾವುದೆಂದು ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ.

ಇದನ್ನು ನಾನು ಶೆಡ್ಡಿನಲ್ಲೇ ಹೇಳಿದೆ. ಮಾಸ್ಟ್ರು ನಕ್ಕರು. "ನಾನು ಟಾರ್ಚ್ ಹಾಕಿ ನೋಡದೆ ಗುಂಡು ಕೂರಿಸಿದ್ದು ಉಂಟಾ? ಕ್ಯಾಪಿನದ್ದೇ ದೋಷ ಅದು. ಬೇಕಾದ್ರೆ ಒಂದೊಂದೇ ಕಿವಿ ಹತ್ರ ಹಿಡಿದು ಅಲ್ಲಾಡಿಸು, ಗೊತ್ತಾಗ್ತದೆ." ತಾವೇ ಒಂದನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು. "ಇದು ಸರಿ ಉಂಟು." ಇನ್ನೊಂದು. "ಇದೂ ಸರಿ." ಅವರ ಮುಖದಲ್ಲಿ ಪೂರ್ತಿ ನಂಬಿಕೆಯಿತ್ತು. ಮೂರು ತಲೆಮಾರಿನ ಶೂಟರುಗಳಿಗೆ 'ಊಹೆ ಮಾಡಬೇಡ, ನೋಡು' ಎಂದು ಗದರಿಸಿದ ಮನುಷ್ಯ ತೋಟಾವನ್ನು ಕಿವಿಯಲ್ಲಿ ಪರೀಕ್ಷಿಸುತ್ತಿದ್ದರು.

ಡಬ್ಬಿಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದೆ.

ಮೊದಲು ತೂಗಿ ನೋಡಿದೆ. ಕಾರ್ಖಾನೆಯಲ್ಲಿ ನನ್ನ ಬದುಕೇ ಅಳತೆಯ ಮೇಲೆ ನಿಂತಿರುವುದರಿಂದ ಅದೇ ಮೊದಲು ಹೊಳೆಯಿತು. ಆದರೆ ನಮ್ಮ ಕೇಸುಗಳು ಬೇರೆ ಬೇರೆ ತಯಾರಿಕೆಯವು, ವರ್ಷಗಳಿಂದ ಒಟ್ಟುಗೂಡಿದವು. ಒಂದರ ಹಿತ್ತಾಳೆ ದಪ್ಪ, ಇನ್ನೊಂದರದು ತೆಳು. ಎರಡು ಕೇಸುಗಳ ನಡುವಿನ ವ್ಯತ್ಯಾಸವೇ ಒಂದು ಅಳತೆ ಮದ್ದಿಗಿಂತ ಹೆಚ್ಚಿತ್ತು. ತಕ್ಕಡಿ ಭಾರವೆಂದು ತೋರಿಸಿದ್ದು ಮದ್ದಿನಿಂದ ಭಾರವೋ ಹಿತ್ತಾಳೆಯಿಂದ ಭಾರವೋ ತಿಳಿಯುವ ಬಗೆಯಿಲ್ಲ. ಒಂದು ಸಂಜೆ ಪೂರ್ತಿ ತೂಗಿ, ಸಾಲು ಮಾಡಿ, ಕೊನೆಗೆ ಸಾಲುಗಳನ್ನೆಲ್ಲ ಮತ್ತೆ ಆಯಾ ಡಬ್ಬಿಗೇ ಸುರಿದೆ. ಎಲ್ಲವನ್ನೂ ಬಿಚ್ಚುವುದೊಂದೇ ದಾರಿ. ಗುಂಡನ್ನು ಕೇಸಿನಿಂದ ಹೊರಗೆಳೆದು ಒಳಗಿನ ಮದ್ದನ್ನು ಕಣ್ಣಿನಿಂದಲೇ ನೋಡಬೇಕು.

ಇದನ್ನು ಕ್ಲಬ್ಬಿನ ಕಾರ್ಯದರ್ಶಿಗೆ ಫೋನಿನಲ್ಲಿ ಹೇಳಿದೆ. ಅವರು ಉಡುಪಿ ಕಡೆಯವರು, ಥಾಣೆ ರೈಲ್ವೆ ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟುಕೊಂಡಿದ್ದಾರೆ. ಹಿಂದೆ ದೋಸೆಕಲ್ಲಿನ ಸದ್ದು ಕೇಳಿಸುತ್ತಿತ್ತು.

"ಅರೆ ಎಂತ ಹೇಳ್ತೀರಿ ನೀವು! ಸ್ಟೇಟ್ ಟ್ರಯಲ್ ತಲೆ ಮೇಲೆ ಬಂದುಂಟು. ಪೂರಾ ಮಾಲು ತೆಗೆದ್ರೆ ಆ ಹುಡುಗ ಹೊಡೆಯುದು ಎಂತದ್ರಲ್ಲಿ? ಕಲ್ಲಲ್ಲಿಯಾ?"

"ಅವನ ಕೈ ಹೋದ್ರೆ ಕಲ್ಲು ಹೊಡೆಯುದಕ್ಕೂ ಆಗುದಿಲ್ಲ."

"ನೀವು ಅಪಶಕುನ ಮಾತಾಡ್ಬೇಡಿ. ಅಷ್ಟು ಡೌಟ್ ಇದ್ರೆ ನಾಲ್ಕೈದು ಬಿಚ್ಚಿ ನೋಡಿ. ಪಕ್ಕಡ್ ತಗೊಂಡು ಎಳೀರಿ, ಬರ್ತದೆ. ಬಾಕಿದ್ದು ಚಾಲು ಮಾಡುವ."

ಪಕ್ಕಡ್ ಎಂದರೆ ಇಕ್ಕಳ. ಅದರಿಂದ ಹಿಡಿದರೆ ಕೇಸು ಜಜ್ಜಿಹೋಗುತ್ತದೆ, ಕ್ಯಾಪಿನ ಮೇಲೆ ಒತ್ತು ಬಿದ್ದರೆ ಕೈಯಲ್ಲೇ ಸಿಡಿಯುತ್ತದೆ. ಆದರೆ ಅವರ ಮೊದಲ ಮಾತು ಸುಳ್ಳಾಗಿರಲಿಲ್ಲ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ಶಿಷ್ಯನಿಗೆ ಕ್ರೀಡಾ ಕೋಟಾದಲ್ಲಿ ಕಚೇರಿಗೆ ವರ್ಗ ಸಿಗುವ ಮಾತಾಗಿತ್ತು. ಮಳೆಗಾಲದಲ್ಲಿ ಮುಂಬ್ರಾದ ಗುಡ್ಡದ ಬುಡದಲ್ಲಿ, ಎರಡೂ ಕಡೆ ಲೋಕಲ್ ಗಾಡಿಗಳು ಹಾಯುವಾಗ ಹಳಿಯ ಮೇಲೆ ಬಗ್ಗಿ ಕೆಲಸ ಮಾಡುವವನಿಗೆ ಕಚೇರಿಯ ಕುರ್ಚಿ ಎಂದರೇನು ಎಂಬುದು ನನಗೂ ಗೊತ್ತಿತ್ತು. ಅವನ ಜೊತೆಯವನೊಬ್ಬ ಗಾಡಿಗೆ ಸಿಕ್ಕಿ ಸತ್ತ ಮೇಲೆ ಶಿಷ್ಯನ ಹೆಂಡತಿ ದಿನಾ ಸಂಜೆ ಗಂಡ ಮನೆಗೆ ಬರುವವರೆಗೆ ಬಾಗಿಲಲ್ಲೇ ನಿಲ್ಲುತ್ತಾಳಂತೆ. ಅವನೇ ಒಮ್ಮೆ ಹೇಳಿದ್ದ.

ನನ್ನ ಬಳಿ ಗುಂಡು ಹೊರಗೆಳೆಯುವ ಒಂದು ಪುಲ್ಲರ್ ಇತ್ತು. ರೈಫಲ್ ತೋಟಾಕ್ಕೆಂದು ಹಿಂದೆ ತರಿಸಿದ್ದು. ಅದನ್ನು ಗುಂಡು ಕೂರಿಸುವ ಪ್ರೆಸ್ಸಿನ ಮೇಲ್ಭಾಗಕ್ಕೆ ತಿರುಗಿಸಿ ಕೂರಿಸುತ್ತಾರೆ. ಅದರೊಳಗಿನ ಸೀಳಿದ ಉಕ್ಕಿನ ತೋಳು ಗುಂಡಿನ ಮೂತಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಹಿಡಿಕೆ ಎತ್ತಿದರೆ ಕೇಸು ಕೆಳಗಿಳಿದು ಗುಂಡು ಮೇಲೇ ಉಳಿಯುತ್ತದೆ. ಸದ್ದಿಲ್ಲ, ಪೆಟ್ಟಿಲ್ಲ, ಮದ್ದು ಚೆಲ್ಲುವುದಿಲ್ಲ. ಎಲ್ಲ ಪುಲ್ಲರುಗಳಲ್ಲಿ ಅದೇ ಮೇಲು ಎಂದು ಅಲ್ಲಿಯವರೆಗೆ ನಾನು ನಂಬಿದ್ದೆ. ಅದಕ್ಕೆ ನಮ್ಮ ಅಳತೆಯ ತೋಳನ್ನು ತರಿಸಿಕೊಳ್ಳಲು ಹೊರಟವನು, ಒಂದು ತೋಟಾವನ್ನು ಕೈಯಲ್ಲಿ ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡೆ. ನಮ್ಮ ಗುಂಡಿಗೆ ಮೂತಿಯೇ ಇಲ್ಲ! ಕಾಗದದ ಗುರಿಯಲ್ಲಿ ದುಂಡನೆಯ ತೂತು ಬೀಳಲೆಂದು ಮಾಡಿದ ಚಪ್ಪಟೆ ತಲೆಯ ಸೀಸದ ಗುಂಡು ಅದು. ಕೇಸಿನ ಬಾಯಿಯ ಮಟ್ಟಕ್ಕೆ ಪೂರ್ತಿ ಒಳಗೆ ಕೂತಿರುತ್ತದೆ. ಹಿಡಿಯಲು ಒಂದು ಕೂದಲಿನಷ್ಟು ಅಂಚೂ ಹೊರಗಿಲ್ಲ. ಅತ್ಯುತ್ತಮ ಸಲಕರಣೆ ನಮ್ಮ ಪಾಲಿಗೆ ಕಬ್ಬಿಣದ ತುಂಡಾಗಿತ್ತು.

ಉಳಿದದ್ದು ಸುತ್ತಿಗೆ. ನಿಜವಾದ ಸುತ್ತಿಗೆಯಲ್ಲ, ಸುತ್ತಿಗೆಯ ಆಕಾರದ ಟೊಳ್ಳು ಪುಲ್ಲರ್. ತಲೆಯೊಳಗೆ ತೋಟಾವನ್ನು ಗುಂಡು ಕೆಳಗಾಗುವಂತೆ ಇಳಿಬಿಟ್ಟು, ಅದರ ಹಿಂಬದಿಯ ಅಂಚನ್ನು ಮೂರು ತುಂಡುಗಳ ಬಳೆಯಿಂದ ಹಿಡಿಸಿ, ಮುಚ್ಚಳ ತಿರುಗಿಸಿ, ಗಟ್ಟಿಯಾದ ಮೇಲ್ಮೈಗೆ ಬಡಿಯಬೇಕು. ಬಸ್ಸು ಬ್ರೇಕು ಹಾಕಿದಾಗ ನಿಂತ ಪ್ರಯಾಣಿಕ ಮುಂದಕ್ಕೆ ಮುಗ್ಗರಿಸುವಂತೆ, ಕೇಸು ನಿಂತರೂ ಗುಂಡು ಮುಂದಕ್ಕೆ ಜಾರಿ ಹೊರಬರುತ್ತದೆ. ಅದರ ಹಿಂದೆಯೇ ಮದ್ದು ಕೂಡ ಟೊಳ್ಳಿನಲ್ಲಿ ಬೀಳುತ್ತದೆ.

ಆನ್‌ಲೈನಿನಲ್ಲಿ ಸಿಕ್ಕಿದ ಪ್ಲಾಸ್ಟಿಕ್ಕಿನದನ್ನು ತರಿಸಿದೆ. ಮದ್ದಿಲ್ಲದ, ಕ್ಯಾಪಿಲ್ಲದ ಒಂದು ಕೇಸಿಗೆ ಬರೀ ಗುಂಡು ಕೂರಿಸಿ ಮೊದಲು ಅದನ್ನು ಪರೀಕ್ಷೆ ಮಾಡಿದೆ. ಕೆಲವು ಪೆಟ್ಟಿಗೇ ತಲೆಯ ಬುಡದಲ್ಲಿ ಬಿರುಕು ಬಿಟ್ಟಿತು. ಅದರ ಜೊತೆ ಬಂದ ಬಳೆ ಕೂಡ ನಮ್ಮ ಕೇಸಿನ ಅಂಚಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಬಳೆಯ ಬದಲು ಪ್ರೆಸ್ಸಿನ ಕೇಸು ಹಿಡಿಯುವ ಉಕ್ಕಿನ ತುಂಡನ್ನೇ ಹಾಕಿದರೆ ಹೇಗೆ ಎಂದು ಯೋಚಿಸಿ ಅದನ್ನು ಕೈಗೂ ತೆಗೆದುಕೊಂಡೆ. ಆಮೇಲೆ, ಯಾರನ್ನಾದರೂ ಕೇಳೋಣ ಎನ್ನಿಸಿ, ನವಿ ಮುಂಬಯಿಯ ನೆರೂಳಿನಲ್ಲಿದ್ದ ಪರಿಚಯದ ಶೂಟರ್ ಒಬ್ಬರಿಗೆ ಫೋನು ಮಾಡಿದೆ. ಅವರೂ ಮನೆಯಲ್ಲೇ ತುಂಬುವವರು, ಬೆಂಗಳೂರು ಕಡೆಯವರು.

"ಆ ತಪ್ಪು ಮಾಡ್ಬೇಡಿ ಸಾರ್. ಉಕ್ಕಿನ ತುಂಡು ಪೆಟ್ಟಿಗೆ ಜರುಗಿ ಕ್ಯಾಪಿಗೆ ತಾಗಿದ್ರೆ ನಿಮ್ಮ ಮುಖಕ್ಕೇ ಸಿಡಿಯುತ್ತೆ. ಬಳೆನೇ ಹಾಕಿ, ಅಳತೆದು ಹಾಕಿ. ನನ್ನ ಹತ್ರ ಒಳ್ಳೇದೊಂದಿದೆ, ಬಂದು ತಗೊಂಡ್ಹೋಗಿ. ಕನ್ನಡಕ ಹಾಕ್ಕೊಳ್ಳಿ. ಮುಚ್ಚಳದ ಹಿಂದೆ ನಿಮ್ಮ ಮುಖ ಇರಬಾರದು."

ರಜೆ ಹಾಕಿ ಹೋಗಿ ತಂದೆ. ಅವರು ಕೊಟ್ಟ ಸುತ್ತಿಗೆಯ ತಲೆ ಲೋಹದ್ದು, ಒಳಗಿನ ಬಳೆ ಕೇಸಿನ ಅಂಚಿಗೆ ಬೆರಳಿಗೆ ಉಂಗುರ ಕೂತಂತೆ ಕೂತಿತು.

ಕೆಲಸ ಶುರು ಮಾಡಿದ ಮೇಲೆ ಬೇರೆ ತೊಡಕುಗಳು. ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಬಡಿಯಲು ಹೆಂಡತಿ ಬಿಡಲಿಲ್ಲ, ಬಿಟ್ಟಿದ್ದರೂ ಕಲ್ಲು ಉಳಿಯುತ್ತಿರಲಿಲ್ಲ. ಸಾಧಾರಣ ಹಲಗೆ ಪೆಟ್ಟನ್ನು ನುಂಗುತ್ತದೆ, ಗುಂಡು ಅಲುಗುವುದಿಲ್ಲ. ಕೊನೆಗೆ ಸಾಮಿಲ್ಲಿನಿಂದ ಮರದ ದಿಮ್ಮಿಯ ಅಡ್ಡಸೀಳಿನ ತುಂಡು ತಂದು ನೆಲದ ಮೇಲಿಟ್ಟೆ. ಎಳೆಗಳು ಮೇಲ್ಮುಖವಾಗಿದ್ದರೆ ಮರ ಕಲ್ಲಿನಷ್ಟೇ ಗಟ್ಟಿ. ಗುಂಡಿಗೆ ಸವರಿದ್ದ ಮೇಣ ಒಣಗಿ ಕೇಸಿಗೆ ಅಂಟಿಕೊಂಡಿದ್ದರಿಂದ ಎಷ್ಟು ಬಡಿದರೂ ಕೆಲವು ಬರುತ್ತಿರಲಿಲ್ಲ. ಅಂಥವನ್ನು ಮೊದಲು ಪ್ರೆಸ್ಸಿನಲ್ಲಿಟ್ಟು ಗುಂಡನ್ನು ಒಂದಿಷ್ಟೇ ಒಳಕ್ಕೆ ಒತ್ತಿ ಆ ಅಂಟು ಬಿಡಿಸಿ, ಆಮೇಲೆ ಬಡಿದೆ. ಸೀಸ ಮೆತ್ತಗಿರುವುದರಿಂದ ಗುಂಡು ಸುತ್ತಿಗೆಯ ತಳಕ್ಕೆ ಬಿದ್ದು ಜಜ್ಜಿಹೋಗುತ್ತಿತ್ತು. ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಬಿರಡೆಯನ್ನು ತಳಕ್ಕೆ ಒತ್ತಿದ ಮೇಲೆ ಅದೂ ನಿಂತಿತು.

ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು, ಕನ್ನಡಕ ಹಾಕಿ ಕೂರುತ್ತಿದ್ದೆ. ಟಕ್, ಟಕ್, ಟಕ್. ಮುಚ್ಚಳ ತೆಗೆದು ಗುಂಡು ಒಂದು ಕಡೆ, ಕೇಸು ಒಂದು ಕಡೆ, ಮದ್ದನ್ನು ಬಿಳಿ ಪಿಂಗಾಣಿ ತಟ್ಟೆಗೆ ಸುರಿದು ತೂಗಿ, ನೀರಿನ ಬಕೆಟ್ಟಿಗೆ. ಬಿಚ್ಚಿದ ಮದ್ದನ್ನು ಮತ್ತೆ ಬಳಸಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಮೇಲಿನ ಮನೆಯವರು ಬಾಗಿಲು ತಟ್ಟಿ, "ಭಾವೂ, ಕಾಯ್ ಚಾಲೂ ಆಹೇ?" ಎಂದು, ಏನು ನಡೆದಿದೆಯೆಂದು ಕೇಳಿದರು. ಹೆಂಡತಿ ಏನೋ ಮರದ ಕೆಲಸವೆಂದು ಹೇಳಿ ಕಳಿಸಿದಳು.

"ನಂಗೆ ಹೆದರಿಕೆ ಆಗ್ತದೆ," ಎಂದಳು ಒಳಗೆ ಬಂದು. "ಒಂದು ವೇಳೆ ಎಂತದೂ ಸಿಕ್ಕದಿದ್ರೆ? ಮಾಸ್ಟ್ರ ಮುಖ ಹೇಗೆ ನೋಡ್ತೀರಿ?"

"ಸಿಕ್ಕದಿದ್ರೆ ಒಳ್ಳೇದಲ್ವಾ? ಅವರ ಕಾಲಿಗೆ ಬೀಳ್ತೇನೆ."

ನಾನು ಅದನ್ನು ಮನಸ್ಸಿನಿಂದಲೇ ಹೇಳಿದ್ದೆ. ಬಡಿಯುವಾಗ ಪ್ರತಿ ಸಲವೂ ತಟ್ಟೆಯಲ್ಲಿ ಅದೇ ಪುಟ್ಟ ಗುಡ್ಡೆ ಬೀಳಲಿ ಎಂದೇ ಆಶಿಸುತ್ತಿದ್ದೆ. ಡಬ್ಬಿಗಳಿಗೆ ಡಬ್ಬಿಗಳು ಹಾಗೆಯೇ ಬಿದ್ದವು. ಕೈ ಜೋಮು ಹಿಡಿಯುವ ಹೊತ್ತಿಗೆ ನನಗೂ ಅನುಮಾನ ಬಂತು. ಕ್ಯಾಪೇ ಕೆಟ್ಟದ್ದಿರಬಹುದು, ಮಾಸ್ಟ್ರು ಹೇಳಿದ್ದೇ ಸರಿಯಿರಬಹುದು.

ಆಮೇಲೆ ಒಂದು ಸಂಜೆ ತಟ್ಟೆಗೆ ಸುರಿದ ಮದ್ದು ನಿಲ್ಲಲೇ ಇಲ್ಲ. ಮೊದಲ ಗುಡ್ಡೆಯ ಮೇಲೆ ಇನ್ನೊಂದು ಗುಡ್ಡೆ. ತೂಗಿದೆ. ಸರಿಯಾಗಿ ಎರಡರಷ್ಟು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳಿಗೆ ಮದ್ದಿನ ಲೆಕ್ಕ ಗೊತ್ತಿಲ್ಲ, ಆದರೆ ತಕ್ಕಡಿ ನೋಡಲು ಬರುತ್ತದೆ. "ದೇವರೇ," ಎಂದಳು, ಅಷ್ಟೇ.

ಜೋಡಿ ಸಿಕ್ಕಿತಲ್ಲ, ಇಲ್ಲಿಗೆ ಮುಗಿಯಿತು ಎಂದುಕೊಳ್ಳಬಹುದಿತ್ತು. ಒಂದು ತಪ್ಪು ಯಾರ ಕೈಯಿಂದಲೂ ಆಗುತ್ತದೆ. ಯಾರೋ ಬಾಗಿಲು ತಟ್ಟುತ್ತಾರೆ, ಫೋನು ಬರುತ್ತದೆ, ಕೈ ತಪ್ಪುತ್ತದೆ. ಒಂದೇ ಆಗಿದ್ದರೆ ನಾನು ಮಾಸ್ಟ್ರಿಗೂ ಹೇಳದೆ ಉಳಿಯುತ್ತಿದ್ದೆನೋ ಏನೋ. ಆದರೆ ಉಳಿದ ಡಬ್ಬಿಗಳನ್ನು ಬಿಚ್ಚಿದಾಗ ಎರಡರಷ್ಟು ಮದ್ದಿನವು ಇನ್ನೂ ಎರಡು ಸಿಕ್ಕಿದವು. ಮತ್ತೊಂದು ತೋಟಾದಲ್ಲಿ ಮದ್ದೇ ಇರಲಿಲ್ಲ. ಅವು ಬೇರೆ ಬೇರೆ ದಿನ ತುಂಬಿದ ಡಬ್ಬಿಗಳು. ಅಂದರೆ ಆ ಕೋಣೆಯಲ್ಲಿ ಒಬ್ಬರೇ ಕೂತಿದ್ದಾಗ ಮಾಸ್ಟ್ರ ಮನಸ್ಸು ಮತ್ತೆ ಮತ್ತೆ ಎಲ್ಲಿಗೋ ಹೋಗಿ ಬರುತ್ತಿತ್ತು, ಹೋಗಿ ಬಂದದ್ದು ಅವರಿಗೇ ತಿಳಿಯುತ್ತಿರಲಿಲ್ಲ. ಟಾರ್ಚ್ ಹಾಕಿ ನೋಡಿದೆ ಎಂದು ಅವರು ಹೇಳಿದ್ದು ಸುಳ್ಳಲ್ಲ, ನೋಡಿದ್ದೇನೆಂದೇ ಅವರು ನಂಬಿದ್ದರು. ನನಗೆ ಮದ್ದಿಗಿಂತ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ.

ಆ ಮೂರು ಗುಡ್ಡೆಗಳನ್ನು ಬೇರೆ ಬೇರೆ ಚಿಕ್ಕ ಶೀಶೆಗಳಲ್ಲಿ ತುಂಬಿ ಕಪಾಟಿನಲ್ಲಿಟ್ಟೆ. ಮಾಸ್ಟ್ರನ್ನು ಮನೆಗೆ ಕರೆದೆ. ಅವರು ಬಂದು, ಬಿಚ್ಚಿದ ಗುಂಡುಗಳ ರಾಶಿ ನೋಡಿ ಬಾಗಿಲಲ್ಲೇ ನಿಂತರು.

"ನಾನು ಮಾಡಿದ್ದನ್ನೆಲ್ಲ ಒಡೆದು ಹಾಕಿದ್ಯಾ?"

"ಮಾಸ್ಟ್ರೇ, ಕೂತುಕೊಳ್ಳಿ."

"ಕೂರುದಕ್ಕೆ ಬಂದದ್ದಲ್ಲ. ಎಂತ ಉಂಟು ತೋರಿಸು."

ಶೀಶೆಗಳನ್ನು ತೋರಿಸಿದೆ. ತೂಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ಒಂದು ಗಳಿಗೆ ಅವರ ಮುಖದಲ್ಲಿ ಏನೋ ಕಲಕಿದ ಹಾಗಾಯಿತು. ಅವರು ಕೈಚಾಚಿ ಮೇಜಿನ ಅಂಚು ಹಿಡಿದುಕೊಂಡರು. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವರೇ ಏನಾದರೂ ಹೇಳುತ್ತಿದ್ದರೋ ಏನೋ. ನಾನು ಸಮಾಧಾನ ಮಾಡುವ ದನಿಯಲ್ಲಿ, "ಒಮ್ಮೆ ಡಾಕ್ಟರಿಗೆ ತೋರಿಸುವ, ನಾನೇ ಕರಕೊಂಡು ಹೋಗ್ತೇನೆ," ಎಂದೆ.

ಅವರ ಮುಖ ಗಟ್ಟಿಯಾಯಿತು.

"ಶೀಶೆಯಲ್ಲಿ ಮದ್ದು ಯಾರು ಹಾಕಿದ್ದು? ನಾನಾ? ಎರಡು ಚಿಟಿಕೆ ಒಟ್ಟಿಗೆ ಹಾಕುದಕ್ಕೆ ನಿನಗೆ ಬರುದಿಲ್ವಾ? ತೋಟಾ ಎಲ್ಲಿ, ಎರಡು ಅಳತೆ ಇದ್ದ ರೌಂಡು? ತೋರಿಸು ನೋಡುವ."

ತೋರಿಸಲು ಅದು ಉಳಿದಿರಲಿಲ್ಲ. ಸುತ್ತಿಗೆಯ ಕೆಲಸವೇ ಹಾಗೆ. ತಪ್ಪು ತುಂಬಿದ ತೋಟಾ ಮುಚ್ಚಿರುವವರೆಗೆ ಅದು ತಪ್ಪೆಂದು ತಿಳಿಯುವುದಿಲ್ಲ. ಬಿಚ್ಚಿದ ಮೇಲೆ ಅದು ತೋಟಾವೇ ಅಲ್ಲ. ಒಂದು ಕೇಸು, ಒಂದು ಗುಂಡು, ಒಂದು ಚಿಟಿಕೆ ಪುಡಿ. ಪುಡಿಗೆ ಯಾರ ಕೈಯ ಗುರುತೂ ಇರುವುದಿಲ್ಲ. ತಪಾಸಣೆಯನ್ನೇ ಕಸುಬು ಮಾಡಿಕೊಂಡ ನನಗೆ, ಬಿಚ್ಚುವಾಗ ಪಕ್ಕದಲ್ಲಿ ಕ್ಲಬ್ಬಿನ ಇನ್ನೊಬ್ಬರನ್ನು ಕೂರಿಸಿಕೊಳ್ಳಬೇಕೆಂದು ಹೊಳೆದಿರಲಿಲ್ಲ. ಮಾಸ್ಟ್ರು ನನ್ನನ್ನು ನಂಬದಿರಬಹುದು ಎಂಬುದು ಊಹೆಗೇ ಬಂದಿರಲಿಲ್ಲ.

ಕಾರ್ಯದರ್ಶಿಯ ಹೋಟೆಲಿನ ಮಹಡಿಯಲ್ಲಿ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಕ್ಲಬ್ಬಿನ ಸಮಿತಿ ಸೇರಿತು. ಮಾಸ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ಶಿಷ್ಯನನ್ನೂ ಕರೆಸಿದ್ದರು. ಅವನು ಡ್ಯೂಟಿ ಮುಗಿಸಿ ನೇರವಾಗಿ ಬಂದು ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತಿದ್ದ.

ನಾನು ನಡೆದದ್ದನ್ನು ಹೇಳಿದೆ. ಹೆಂಡತಿಯೂ ನೋಡಿದ್ದಾಳೆ ಎಂದೆ. ಯಾರೋ ಗಂಟಲು ಸರಿಮಾಡಿಕೊಂಡರು. ಕಾರ್ಯದರ್ಶಿ ನಗುವಿನಲ್ಲೇ, "ಮನೆಯವರ ಸಾಕ್ಷಿ ಸಾಕ್ಷಿ ಆಗ್ತದಾ ಸಾಹೇಬ್ರೆ?" ಎಂದರು.

ಮಾಸ್ಟ್ರು ಎದ್ದು ನಿಂತು, "ಇವನಿಗೆ ಮೊದಲಿಂದಲೂ ಕೋಚ್ ಆಗ್ಬೇಕು ಅಂತ ಉಂಟು," ಎಂದರು. "ಆಗಲಿ. ಕೇಳಿದ್ರೆ ನಾನೇ ಕೊಡ್ತಿದ್ದೆ. ಅದಕ್ಕೆ ನಂಗೆ ಮಂಡೆ ಸರಿ ಇಲ್ಲ ಅಂತ ಯಾಕೆ ಹೇಳ್ಬೇಕು?"

ಕಾರ್ಯದರ್ಶಿ ಶಿಷ್ಯನ ಕಡೆ ತಿರುಗಿದರು. "ನೀನು ಹೇಳು. ಅವತ್ತು ರೇಂಜಲ್ಲಿ ನೀನಿದ್ದಿ. ಮಾಸ್ಟ್ರು ತುಂಬಿದ ರೌಂಡಿನ ಮೇಲೆ ನಿಂಗೆ ನಂಬಿಕೆ ಉಂಟಾ ಇಲ್ವಾ?"

ಅವನು ತನ್ನ ಅಂಗೈಯನ್ನು ತೊಡೆಯ ಮೇಲೆ ಉಜ್ಜಿಕೊಂಡ. "ಅವರು ನನ್ನ ಗುರುಗಳು ಅದಾರ್ರಿ. ನಾ ಏನು ಹೇಳಲಿ?" ಎಂದು ತಲೆ ತಗ್ಗಿಸಿದ.

ಸಮಿತಿಯ ತೀರ್ಮಾನ ಹೀಗಿತ್ತು: ಎಲ್ಲ ಮೊದಲಿನಂತೆಯೇ ನಡೆಯಲಿ. ತುಂಬುವ ಕೆಲಸ ಮಾಸ್ಟ್ರೇ ಮಾಡಲಿ, ಟ್ರಯಲ್‌ಗೆ ಬೇಕಾದಷ್ಟು ಕೂಡಲೇ ತಯಾರಾಗಲಿ. ನಾನು ಕೋಣೆ ತೆರೆದುಕೊಟ್ಟರೆ ಸಾಕು. ಇಬ್ಬರೂ ಕೈ ಮಿಲಾಯಿಸಿ ಚಹಾ ಕುಡಿಯಿರಿ. ಕಾರ್ಯದರ್ಶಿ ಕೆಳಗೆ ಕೂಗಿ ಚಹಾ ತರಿಸಿಯೇಬಿಟ್ಟರು.

ನಾನು ಲೋಟ ಮುಟ್ಟಲಿಲ್ಲ. "ಪರವಾನಗಿ ನನ್ನ ಹೆಸರಿನಲ್ಲಿ ಉಂಟು. ಅದನ್ನು ನಾನು ವಾಪಸ್ ಕೊಡ್ತೇನೆ," ಎಂದೆ.

ಅದುವರೆಗೆ ಅದು ನನ್ನ ತಲೆಯಲ್ಲಿ ಇರಲಿಲ್ಲ. ಹೇಳಿದ ಮೇಲೆ ಅದನ್ನು ಬಿಟ್ಟು ಬೇರೆ ದಾರಿಯೂ ಕಾಣಲಿಲ್ಲ. ಬರೀ ಬೀಗದ ಕೈ ಕೊಡದೆ ಉಳಿದರೆ ಸಮಿತಿ ಪರವಾನಗಿಯನ್ನು ಬೇರೆಯವರ ಹೆಸರಿಗೆ ಮಾಡಿಸುತ್ತಿತ್ತು, ಬೇರೆ ಮನೆಯಲ್ಲಿ ಮಾಸ್ಟ್ರು ಮತ್ತೆ ಪ್ರೆಸ್ಸಿನ ಮುಂದೆ ಕೂರುತ್ತಿದ್ದರು. ವಾಪಸ್ ಕೊಟ್ಟರೆ ಹೊಸ ಪರವಾನಗಿಯೇ ಆಗಬೇಕು, ಅದಕ್ಕೆ ಕಾಲ ಹಿಡಿಯುತ್ತದೆ, ಪೊಲೀಸರು ಕಾರಣ ಕೇಳುತ್ತಾರೆ, ಕಾರಣ ನಾನು ಬರೆದಿರುತ್ತೇನೆ. ಮಹಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. "ಒಬ್ಬ ಹುಡುಗನ ಜಿಂದಗಿ ಹಾಳು ಮಾಡ್ತೀರಿ ನೀವು," ಎಂದರು ಕಾರ್ಯದರ್ಶಿ. ಮಾಸ್ಟ್ರು ಮಾತ್ರ ತಮ್ಮ ಚಹಾವನ್ನು ಪೂರ್ತಿ ಕುಡಿದು ಮೆಟ್ಟಿಲು ಇಳಿದು ಹೋದರು. ಶಿಷ್ಯ ಅವರ ಕೈಹಿಡಿದು ಇಳಿಸಿದ.

ಥಾಣೆಯ ಪೊಲೀಸ್ ಲೈಸೆನ್ಸ್ ಶಾಖೆಯ ಗುಮಾಸ್ತ ನನ್ನ ಅರ್ಜಿಯನ್ನು ಎರಡು ಸಲ ಓದಿ ನನ್ನನ್ನೇ ದಿಟ್ಟಿಸಿದ. "ಲೋಗ್ ಲೇನೇ ಕೇ ಲಿಯೇ ಚಕ್ಕರ್ ಕಾಟ್ತೇ ಹೈಂ, ಆಪ್ ಛೋಡ್ನೇ ಆಯೇ ಹೋ?" ಎಂದ. ಜನ ಪಡೆಯಲು ಅಲೆಯುವುದನ್ನು ನಾನು ಬಿಡಲು ಬಂದದ್ದು ಅವನಿಗೆ ಸೋಜಿಗ. ಕಾರಣದ ಜಾಗದಲ್ಲಿ 'ಸುರಕ್ಷತೆಯ ದೃಷ್ಟಿಯಿಂದ' ಎಂದು ಮಾತ್ರ ಬರೆದಿದ್ದೆ. ಮಾಸ್ಟ್ರ ಹೆಸರು ಬರೆಯಲು ಕೈ ಬರಲಿಲ್ಲ. ಪ್ರೆಸ್ಸು, ಅಳತೆಯ ಯಂತ್ರ, ಉಳಿದ ಮದ್ದು ಎಲ್ಲವನ್ನೂ ನಿಯಮದಂತೆ ಒಪ್ಪಿಸಿದೆ. ನೆರೂಳಿನವರ ಸುತ್ತಿಗೆಯನ್ನು ಒರೆಸಿ ವಾಪಸು ಕೊಟ್ಟು ಬಂದೆ.

ಟ್ರಯಲ್ಲಿನಲ್ಲಿ ಶಿಷ್ಯ ಬೇರೆ ಕ್ಲಬ್ಬಿನವರಿಂದ ಬೇಡಿ ತಂದ ತೋಟಾ ಹೊಡೆದ. ಅದು ಬೇರೆ ತಯಾರಿಕೆಯದು, ಗುಂಡು ಬೀಳುವ ಎತ್ತರವೇ ಬೇರೆ. ಹೊಂದಿಸಿಕೊಳ್ಳುವಷ್ಟು ಅಭ್ಯಾಸ ಸಿಗಲಿಲ್ಲ. ಆಯ್ಕೆಯಾಗಲಿಲ್ಲ. ನಾನು ಫೋನು ಮಾಡಿದೆ, ಎತ್ತಲಿಲ್ಲ. ಕ್ಲಬ್ಬಿನಲ್ಲಿ ಆ ಪಿಸ್ತೂಲಿನ ವಿಭಾಗವೇ ಮುಚ್ಚಿತು. ನಾನು ರೇಂಜಿಗೆ ಹೋಗುವುದನ್ನು ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ, ಹೋದಾಗ ಯಾರೂ ಮಾತಾಡಿಸುತ್ತಿರಲಿಲ್ಲ.

ಮುಂದಿನ ಬೇಸಿಗೆಗೆ ಮೊದಲು ಸುದ್ದಿ ಬಂತು. ಮಾಸ್ಟ್ರು ಕಲ್ಯಾಣ್ ಸ್ಟೇಷನ್ನಿಗೆಂದು ಹೊರಟವರು ದಿನವಿಡೀ ಲೋಕಲ್ಲಿನಲ್ಲಿ ಅತ್ತಿಂದಿತ್ತ ಓಡಾಡಿದರಂತೆ. ಕಡೆಗೆ ಪೊಲೀಸರು ಅವರ ಜೇಬಿನಲ್ಲಿದ್ದ ಫೋನಿನಿಂದ ಮಗಳಿಗೆ ತಿಳಿಸಿದರಂತೆ. ಇಳಿಯಬೇಕಾದ ಸ್ಟೇಷನ್ನಿನ ಹೆಸರೇ ಮರೆತಿತ್ತಂತೆ. ಮಗಳು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಆಗಲಾದರೂ ಯಾರಾದರೂ ಫೋನು ಮಾಡಿ, ನೀವು ಹೇಳಿದ್ದು ನಿಜವಾಗಿತ್ತು ಎನ್ನುತ್ತಾರೆಂದು ನಾನು ಕಾದೆ. ಕಾದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಕಾದದ್ದು ಹೌದು. ಕ್ಲಬ್ಬಿನಲ್ಲಿ ಹಬ್ಬಿದ ಮಾತು ಬೇರೆಯೇ ಆಗಿತ್ತು. ಸಮಿತಿಯ ಮುಂದೆ ಅವಮಾನವಾಯಿತಲ್ಲ, ಆ ಆಘಾತದಿಂದಲೇ ಅವರಿಗೆ ಹೀಗಾಯಿತು ಎಂದು ಕಾರ್ಯದರ್ಶಿ ಎಲ್ಲರಿಗೂ ಹೇಳುತ್ತಿದ್ದರಂತೆ.

ಶಿಷ್ಯ ಕಳೆದ ಮಳೆಗಾಲದಲ್ಲಿ ಥಾಣೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದ. ಕೇಸರಿ ಬಣ್ಣದ ಜಾಕೆಟ್ಟು ತೊಟ್ಟು, ಮಣ್ಣು ಮೆತ್ತಿದ ಬೂಟಿನಲ್ಲಿ, ಬೆಂಚಿನ ಮೇಲೆ ಕೂತು ವಡಾಪಾವ್ ತಿನ್ನುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ನಾನು ಪಕ್ಕದಲ್ಲಿ ಕೂತೆ. ಹೆಂಡತಿ ಮಕ್ಕಳು ಚೆನ್ನಾಗಿದ್ದಾರೆಂದ. ತಿಂಗಳಿಗೊಮ್ಮೆ ಮಾಸ್ಟ್ರನ್ನು ನೋಡಿಕೊಂಡು ಬರುತ್ತೇನೆಂದ. "ನನ್ನ ಗುರ್ತು ಸಿಗೂದಿಲ್ರಿ ಅವರಿಗೆ. ಆದ್ರ ನಾ ಕೈ ಚಾಚಿದ್ರ ಮೊಣಕೈ ಸರಿಮಾಡ್ತಾರ."

ವಡಾಪಾವಿನ ಕೊನೆಯ ತುತ್ತು ಮುಗಿಸಿ, ಅವನೇ ಹೇಳಿದ. "ಸರ, ನೀವು ಹೇಳಿದ್ದು ಖರೇನ ಅಂತ ನನಗ ಅವತ್ತೇ ಗೊತ್ತಿತ್ರಿ. ಅದಕ್ಕಿಂತ ಮೊದಲೂ ಎರಡು ಸಲ ಪಿಸ್ತೂಲು ಜೋರಾಗಿ ಒದ್ದಿತ್ತು. ಕೈ ಝುಂ ಅಂದಿತ್ತು. ಯಾರಿಗೂ ಹೇಳಿರ್ಲಿಲ್ಲ."

ನಾನು ಅವನ ಮುಖ ನೋಡಿದೆ. "ಮತ್ತೆ ಅವತ್ತು ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ?"

"ಹ್ಯಾಂಗ ಹೇಳಲಿ? ಕೂಲಿ ಮಾಡೋನ ಕೈಯಾಗ ಪಿಸ್ತೂಲು ಕೊಟ್ಟಾವ್ರು ಅವರು. ಎಲ್ಲರ ಮುಂದ ಅವರ ಮಾನ ನಾ ಕಳೀಲೇನು?" ಕೈಯಲ್ಲಿದ್ದ ಕಾಗದವನ್ನು ಮಡಿಚಿ ಜೇಬಿಗೆ ಹಾಕಿದ. "ನೀವು ಹೆಂಗೂ ಬಿಡಂಗಿಲ್ಲ ಅಂತ ನನಗ ಗೊತ್ತಿತ್ರಿ. ನಿಮ್ಮ ಮ್ಯಾಲೆ ಬಿಟ್ಟು ಸುಮ್ಮನ ಕುಂತೆ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಒಂದು ಬಗೆಯ ಗೌರವವೇ ಇತ್ತು. ಅಂಬರನಾಥದ ಗಾಡಿ ಬಂತು. ಅವನು ಚೀಲ ಎತ್ತಿಕೊಂಡು, ಬಗ್ಗಿ ನನ್ನ ಕಾಲು ಮುಟ್ಟಿ, ಗುಂಪಿನಲ್ಲಿ ನುಗ್ಗಿ ಹತ್ತಿದ. ನಾನು ಹತ್ತಬೇಕಿದ್ದ ಗಾಡಿಯೂ ಅದೇ. ಅವನು ಒಳಗಿನಿಂದ ಜಾಗ ಹಿಡಿದು ಕೈಬೀಸಿ ಕರೆಯುತ್ತಿದ್ದ. ನಾನು ತಲೆಯಾಡಿಸಿ ಬೆಂಚಿನ ಮೇಲೆಯೇ ಕೂತೆ, ಗಾಡಿ ಹೋಗಲಿ ಎಂದು.